ಕನ್ನಡಕಣ್ಣನ ಕಾರಿಗೆ ಬ್ರೇಕು

ಕೆನೆಬಣ್ಣದ ಆ ಹಳೆಯ ಕಾರು ಹೊರಡದೆ ಇದ್ದಿದ್ದರೆ ಯಾವ ತೊಂದರೆಯೂ ಆಗುತ್ತಿರಲಿಲ್ಲ. ಅದು ಹೊರಡದಿರುವುದಕ್ಕೆ ಮನೆಯವರೂ ಬೀದಿಯವರೂ ಒಗ್ಗಿಹೋಗಿದ್ದರು. ಆದರೆ ಆ ಬೆಳಿಗ್ಗೆ ಅದು ಹೊರಟಿತು. ಶೆಡ್ಡಿನಿಂದ ಹೊರಬಂತು, ಗೇಟು ದಾಟಿತು, ಬೀದಿಗಿಳಿಯಿತು. ಇನ್ನು ನಿಲ್ಲಿಸೋಣವೆಂದು ಕನ್ನಡಕಣ್ಣ ಬ್ರೇಕು ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು ಬಂತೇ ಹೊರತು ಕಾರು ನಿಲ್ಲಲಿಲ್ಲ. ಎದುರು ಮನೆಯ ಅಂಗಳದಲ್ಲಿ ಒಣಹಾಕಿದ್ದ ದೊಡ್ಡ ಹೊದಿಕೆಯೊಳಗೆ ಮೂಗು ತೂರಿಸಿ, ಮುಸುಕೆಳೆದುಕೊಂಡ ಮುದುಕನ ಹಾಗೆ ಅಲ್ಲೇ ತಣ್ಣಗಾಯಿತು.

ಹೊದಿಕೆ ಮಹಡಿಯಕ್ಕನದು. ಎದುರು ಮನೆಯ ಮಹಡಿಯಲ್ಲಿ ವಾಸವಾಗಿದ್ದು ಇಡೀ ಬೀದಿಯ ಆಗುಹೋಗುಗಳನ್ನು ಮೇಲಿನಿಂದಲೇ ವಿಚಾರಿಸಿಕೊಳ್ಳುವ ಆಕೆ ಕಿಟಕಿಯಿಂದ ಬಗ್ಗಿ, "ಕನ್ನಡಕಣ್ಣ, ಕಾರಿಗೆ ಚಳಿ ಆಗ್ತಿದ್ರೆ ಒಂದು ಮಾತು ಕೇಳ್ಬಹುದಿತ್ತಪ್ಪ, ನಾನೇ ಹೊದಿಸ್ತಿದ್ದೆ," ಎಂದಳು.

ಕನ್ನಡಕಣ್ಣನಿಗೆ ಬೀದಿಯ ತುದಿಯಲ್ಲಿ ಕನ್ನಡಕದ ಅಂಗಡಿ. ಊರವರಿಗೆಲ್ಲ ಹತ್ತಿರದ್ದು, ದೂರದ್ದು ಎರಡೂ ಸರಿಯಾಗಿ ಕಾಣುವಂತೆ ಮಾಡುತ್ತಿದ್ದ ಅವನಿಗೆ ಸ್ವತಃ ಕಾಣುತ್ತಿದ್ದದ್ದು ಬಹುಮಟ್ಟಿಗೆ ಎದುರಿಗಿಲ್ಲದ್ದೇ. ಗಿರಾಕಿ ಗೋಡೆಯ ಮೇಲಿನ ಅಕ್ಷರಗಳನ್ನು ದೊಡ್ಡದರಿಂದ ಚಿಕ್ಕದರವರೆಗೆ ಓದಿ ಮುಗಿಸಿ ಮುಂದೇನೆಂದು ಕಾಯುತ್ತಿದ್ದರೆ, ಇವನು ಕೈಯಲ್ಲಿ ಗಾಜು ಹಿಡಿದುಕೊಂಡೇ ಕೆರೆಯ ದಾರಿಯಲ್ಲಿ ಕಾರು ಓಡಿಸುತ್ತಿರುತ್ತಿದ್ದ. ಆ ದಾರಿಯಲ್ಲಿ ಎಂದೂ ಎದುರಿನಿಂದ ಗಾಡಿ ಬರುತ್ತಿರಲಿಲ್ಲ. ಪಕ್ಕದಲ್ಲಿ ಹೆಂಡತಿ, ಕಿಟಕಿಯಿಂದ ಗಾಳಿ, ನೀರಿನ ಮೇಲೆ ಹೊಂಬಿಸಿಲು. "ಅಣ್ಣಾ, ಕೊನೇ ಸಾಲು ಮಂಜಾಗಿದೆ," ಎಂದು ಗಿರಾಕಿ ಹೇಳಿದರೆ, "ಕೆರೆ ಹತ್ರ ಹಾಗೇ ಇರುತ್ತೆ," ಎನ್ನುತ್ತಿದ್ದ.

ಕಾರು ಅವನ ಮಾವನವರದು. ಮದುವೆಯಾದ ದಿನ ಹೆಂಡತಿ ಅದರಲ್ಲೇ ಈ ಮನೆಗೆ ಬಂದಿದ್ದಳು. ಮಾವ ತೀರಿಕೊಂಡ ಮೇಲೆ ಕಾರೂ ಅವಳ ಹಿಂದೆಯೇ ಬಂತು. ಅಂದಿನಿಂದಲೂ ಒಂದು ಸಂಜೆ ಅವಳನ್ನು ಕೆರೆಯ ದಂಡೆಗೆ ಕರೆದೊಯ್ಯುವುದಾಗಿ ಅವನು ಹೇಳುತ್ತಲೇ ಇದ್ದ. ಆ ಬೆಳಿಗ್ಗೆ ಎಲ್ಲರೂ ಸೇರಿ ಕಾರನ್ನು ಹೊದಿಕೆಯಿಂದ ಬಿಡಿಸಿ ಶೆಡ್ಡಿಗೆ ತಳ್ಳಿದ ಮೇಲೆ ಹೆಂಡತಿ ಸೀರೆಯ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. ಅವಳು ಪರದೆ ಹೊಲಿಯುವ ಕೆಲಸದಲ್ಲಿ ಹೆಸರಾದವಳು.

"ರೀ, ನಾನು ಜಗಳಕ್ಕೆ ಬಂದಿಲ್ಲ," ಎಂದಳು. ಅವಳು ಹಾಗೆ ಶುರುಮಾಡಿದರೆ ಜಗಳಕ್ಕಿಂತ ಹೆಚ್ಚಿನದೇ ಇರುತ್ತದೆಂದು ಅವನಿಗೆ ಗೊತ್ತಿತ್ತು. "ಆ ದೊಡ್ಡ ಹೋಟೆಲಿನ ಪರದೆ ಬಟ್ಟೆ ನಾಳೆ ಬರುತ್ತೆ. ಥಾನುಗಟ್ಟಲೆ. ಊಟದ ಮೇಜಿನ ಮೇಲೆ ಹಾಸಿ ಕತ್ತರಿಸ್ತಾ ಕೂತ್ರೆ ನಾವು ಊಟ ಎಲ್ಲಿ ಮಾಡೋದು? ನನಗೆ ಉದ್ದಕ್ಕೊಂದು ಮೇಜು ಬೇಕು. ಮೇಜಿಗೆ ಶೆಡ್ ಬೇಕು."

"ಆದ್ರೆ ಕಾರು, ನಿಮ್ಮಪ್ಪಂದು..."

"ನಮ್ಮಪ್ಪಂದು ಅಂತ ನನಗೂ ಗೊತ್ತು. ಒಂದ್ಸಲ ರೇಡಿಯೇಟರ್ ಅಂದ್ರಿ, ಒಂದ್ಸಲ ಕಾರ್ಬ್ಯುರೇಟರ್ ಅಂದ್ರಿ. ಈಗ ಬ್ರೇಕು. ನೋಡಿ, ಇವತ್ತು ಹೊತ್ತು ಮುಳುಗೋದ್ರೊಳಗೆ ನಾನು ಕೆರೆ ದಂಡೆ ನೋಡ್ಬೇಕು. ನೋಡಿದ್ರೆ ಕಾರು ಶೆಡ್ಡಲ್ಲೇ ಇರ್ಲಿ, ಇನ್ನು ಅದರ ಸುದ್ದಿಗೆ ಬರಲ್ಲ. ಇಲ್ಲಾಂದ್ರೆ ಬೆಳಿಗ್ಗೆ ಗುಜರಿಯವರಿಗೆ ಹೇಳಿಕಳಿಸ್ತೀನಿ."

ಕನ್ನಡಕಣ್ಣ ಮೆಕ್ಯಾನಿಕ್‌ನನ್ನು ಕರೆತಂದ. ಆತ ಮಲಗುವಾಗಲೂ ಇಕ್ಕಳ ಕೈಬಿಡುವುದಿಲ್ಲವೆಂಬ ಮಾತಿದ್ದುದರಿಂದ ಇಕ್ಕಳಪ್ಪನೆಂದೇ ಪ್ರಸಿದ್ಧ. ಕಾರಿನ ಮುಂಭಾಗವನ್ನು ಇಟ್ಟಿಗೆಗಳ ಮೇಲೇರಿಸಿ ಚಕ್ರ ಬಿಚ್ಚಿ ಒಳಗೆ ಇಣುಕಿದ.

"ಡಿಸ್ಕ್ ಚೆನ್ನಾಗಿದೆ," ಎಂದು ಚಕ್ರದ ಜತೆ ತಿರುಗುವ ಕಬ್ಬಿಣದ ತಟ್ಟೆಯನ್ನು ತಟ್ಟಿ ತೋರಿಸಿದ. "ಆ ಡಿಸ್ಕನ್ನ ಎರಡೂ ಕಡೆಯಿಂದ ಹಿಡ್ಕೊಳ್ಳುತ್ತಲ್ಲ, ಈ ಕ್ಯಾಲಿಪರ್, ಇದೂ ಗಟ್ಟಿಮುಟ್ಟು. ಒಳಗೆ ಒತ್ತೋ ಪ್ಯಾಡು ಮಾತ್ರ ಸವೆದು ಹಪ್ಪಳ ಆಗಿದೆ. ಪ್ಯಾಡು ತಂದುಕೊಟ್ರೆ ಮಧ್ಯಾಹ್ನದೊಳಗೆ ಕೂರಿಸಿಕೊಡ್ತೀನಿ."

ಪಕ್ಕದ ಮನೆಯ ಇಂಜಿನ್ ತಾತ ಅಷ್ಟರಲ್ಲಿ ಕುರ್ಚಿಸಮೇತ ಬಂದು ಕುಳಿತಿದ್ದರು. ಆಯಸ್ಸೆಲ್ಲ ರೈಲು ಓಡಿಸಿ ನಿವೃತ್ತರಾದವರು. "ನಿಲ್ಲೋದು ಅಂದ್ರೆ ಸುಮ್ನೆ ಅಲ್ಲ ಮಗೂ," ಎಂದರು. "ರೈಲಲ್ಲಿ ಮುಂದಿನ ಸ್ಟೇಷನ್ನಿನಲ್ಲಿ ನಿಲ್ಬೇಕಾದ್ರೆ ಈ ಸ್ಟೇಷನ್ನಿನಲ್ಲೇ ಯೋಚನೆ ಶುರು ಮಾಡ್ಬೇಕು."

ಬಿಡಿಭಾಗದ ಅಂಗಡಿಯ ಕೌಂಟರಿನಾತ ಪ್ರಶ್ನೆಗೆ ಪ್ರಶ್ನೆಯಿಂದಲೇ ಉತ್ತರ ಕೊಡುವ ಪೈಕಿ. ಕಾರಿನ ಹೆಸರು ಕೇಳಿ, ವರ್ಷ ಕೇಳಿ, "ವರ್ಷದ ಮೊದಲ ಅರ್ಧದ್ದಾ, ಕೊನೇ ಅರ್ಧದ್ದಾ?" ಎಂದ.

"ಕಾರಿಗೂ ಹುಟ್ಟಿದ ತಿಂಗಳು ಇರುತ್ತಾ?"

"ಇರದೆ? ಆ ವರ್ಷದ ನಡುವೆ ಕಂಪನಿಯೋರು ಕ್ಯಾಲಿಪರ್ ಬದಲಾಯಿಸಿದ್ರು. ಮುಂಚಿನದ್ದಕ್ಕೆ ಒಂದು ಪ್ಯಾಡು, ಆಮೇಲಿನದ್ದಕ್ಕೆ ಇನ್ನೊಂದು. ಹಳೇದು ತಂದಿದ್ದೀರಾ?"

ತಂದಿರಲಿಲ್ಲ. ಕೌಂಟರಿನಾತ ಒಳಗೆ ಹೋಗಿ ಒಂದು ಡಬ್ಬಿ ತಂದಿಟ್ಟ. "ಹೆಚ್ಚು ಜನ ಒಯ್ಯೋದು ಇದೇ. ನಾಲ್ಕಾರು ಥರದ ಕಾರಿಗೆ ಕೂರುತ್ತೆ. ಆಗದೆ ಇದ್ರೆ ಕೂಡಲೇ ವಾಪಸ್ ತನ್ನಿ, ಇರೋದು ಇದೊಂದೇ ಜೊತೆ."

ಡಬ್ಬಿಯನ್ನು ಎದೆಗವಚಿಕೊಂಡು ಕನ್ನಡಕಣ್ಣ ಬಸ್ಸು ಹತ್ತಿದ. ಅವನ ಮಟ್ಟಿಗೆ ಆಗಲೇ ಕೆರೆ ಬಂದಿತ್ತು. ಹೆಂಡತಿ ಚಪ್ಪಲಿ ಬಿಟ್ಟು ನೀರಿಗೆ ಪಾದ ಇಳಿಸುತ್ತಿದ್ದಳು. ಕಂಡಕ್ಟರ್ ಎಬ್ಬಿಸಿದಾಗ ಮನೆಯ ಸ್ಟಾಪು ಹಿಂದೆ ಉಳಿದಿತ್ತು. ನಡೆದುಕೊಂಡು ವಾಪಸ್ ಬಂದ.

ಪ್ಯಾಡು ಕೂರಲಿಲ್ಲ. ಕೀಲು ತೂರುವ ತೂತು ಕ್ಯಾಲಿಪರಿನ ತೂತಿಗೆ ಎದುರಾಗದೆ, ಮುನಿಸಿಕೊಂಡ ವಾರಗಿತ್ತಿಯರ ಹಾಗೆ ಒಂದು ಅತ್ತ ನೋಡಿದರೆ ಇನ್ನೊಂದು ಇತ್ತ ನೋಡುತ್ತಿತ್ತು.

"ಸ್ವಲ್ಪ ಅರ ಹಾಕಿ ಉಜ್ಜು," ಎಂದರು ಇಂಜಿನ್ ತಾತ.

"ತಾತ, ಬ್ರೇಕನ್ನ ನಾವು ಉಜ್ಜಿದ್ರೆ ಆಮೇಲೆ ರಸ್ತೆ ನಮ್ಮನ್ನ ಉಜ್ಜುತ್ತೆ," ಎಂದ ಇಕ್ಕಳಪ್ಪ.

"ಸಂದಿಗೆ ಒಂದು ಬಟ್ಟೆ ಮಡಿಸಿ ತುರುಕಿದ್ರೆ?" ಎಂದಳು ಮಹಡಿಯಕ್ಕ. ಅವಳು ಹೊದಿಕೆಯ ಕೊಳೆ ತೋರಿಸಲು ಕೆಳಗಿಳಿದು ಬಂದವಳು, ಕುತೂಹಲಕ್ಕೆ ಅಲ್ಲೇ ಉಳಿದಿದ್ದಳು.

"ಅಕ್ಕ, ಇದು ಕಿಟಕಿ ಅಲ್ಲ."

ಸವೆದ ಪ್ಯಾಡನ್ನೂ ಹೊಸ ಡಬ್ಬಿಯನ್ನೂ ಹಿಡಿದು ಕನ್ನಡಕಣ್ಣ ಮತ್ತೆ ಅಂಗಡಿಗೆ ಹೋದ. ಕೌಂಟರಿನ ಮೇಲಿಟ್ಟ ಡಬ್ಬಿಯನ್ನು ಪಕ್ಕದಲ್ಲಿ ನಿಂತಿದ್ದ ಟ್ಯಾಕ್ಸಿಯವನು ನೋಡಿದ, "ನಂಗೆ ಬೇಕಾಗಿದ್ದು ಇದೇ," ಎಂದು ಎತ್ತಿಕೊಂಡು ಹೋದ. ಕೌಂಟರಿನಾತ ಸವೆದ ಪ್ಯಾಡನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಬೆರಳಲ್ಲಿ ಅಳೆದು ನಿಟ್ಟುಸಿರಿಟ್ಟ.

"ಇದು ಮೊದಲ ಅರ್ಧದ್ದೂ ಅಲ್ಲ, ಕೊನೇ ಅರ್ಧದ್ದೂ ಅಲ್ಲ. ಇದೇ ಕಂಪನಿಯವರು ಇದಕ್ಕಿಂತ ದೊಡ್ಡ ಕಾರು ಮಾಡ್ತಿದ್ರು ನೋಡಿ, ಅದರದ್ದು. ಯಾರೋ ಅಕ್ಕನ ಕ್ಯಾಲಿಪರ್ ತಂದು ತಂಗಿಗೆ ತೊಡಿಸಿದ್ದಾರೆ."

ಯಾರೆಂದು ಯೋಚಿಸುವ ಅಗತ್ಯವಿರಲಿಲ್ಲ. ಮಾವನವರಿಗೆ ಯಾವುದನ್ನೂ ಇದ್ದ ಹಾಗೆ ಬಿಟ್ಟು ಅಭ್ಯಾಸವಿರಲಿಲ್ಲ. ಅಡಿಗೆಮನೆಯ ಬಾಗಿಲಿಗೆ ಬ್ಯಾಂಕಿನ ಚಿಲಕ ಹಾಕಿಸಿ ಅತ್ತೆಯವರನ್ನು ಅರ್ಧ ದಿನ ಒಳಗೇ ಉಳಿಸಿದ್ದ ಮಹಾನುಭಾವರು.

"ಹಾಗಾದ್ರೆ ದೊಡ್ಡ ಕಾರಿನ ಪ್ಯಾಡು ಕೊಡಿ."

"ಅದನ್ನ ಮಾಡೋದು ನಿಲ್ಲಿಸಿ ಯಾವ ಕಾಲ ಆಯ್ತು. ಗುಜರಿ ಅಂಗಳದಲ್ಲಿ ಕೇಳಿ ನೋಡಿ. ಅಲ್ಲಿಲ್ಲಾಂದ್ರೆ ಎಲ್ಲೂ ಇಲ್ಲ."

ಗುಜರಿ ಅಂಗಳ ಊರಿನಂಚಿಗಿತ್ತು. ಗೋಡೆಯೊಳಗೆ ಕಾಲಿಟ್ಟ ಕೂಡಲೇ ರಸ್ತೆಯ ಸದ್ದು ಅಡಗಿ ಹೋಯಿತು. ಸಾಲುಸಾಲು ಕಾರುಗಳು ಹುಲ್ಲಿನಲ್ಲಿ ಹೊಟ್ಟೆ ಊರಿ ಮಲಗಿದ್ದವು. ಬಾನೆಟ್ಟು ಇಲ್ಲದ ಒಂದರೊಳಗೆ ಇಂಜಿನ್ನಿನ ಜಾಗದಲ್ಲಿ ಹಳದಿ ಹೂವಿನ ಗಿಡ ಬೆಳೆದಿತ್ತು. ಇನ್ನೊಂದರ ಹಿಂದಿನ ಸೀಟಿನಲ್ಲಿ ಬೆಕ್ಕೊಂದು ಮರಿಗಳನ್ನು ಸುತ್ತ ಸೇರಿಸಿಕೊಂಡು, ಡ್ರೈವರಿಗಾಗಿ ಕಾಯುವ ಯಜಮಾನತಿಯ ಗತ್ತಿನಲ್ಲಿ ಕೂತಿತ್ತು. ಕನ್ನಡಕಣ್ಣನಿಗೆ ಬಂದ ಕೆಲಸ ಮರೆತೇಹೋಯಿತು. ಒಂದು ಕಾರಿನ ಬಾಗಿಲು ತೆಗೆದು ಸ್ಟಿಯರಿಂಗ್ ಹಿಡಿದು ಕೂತ. ಗಾಜಿಲ್ಲದ ಕಿಟಕಿಯಿಂದ ಗಾಳಿ ಬೀಸಿತು. ಒಡೆದ ಕನ್ನಡಿಯಲ್ಲಿ ಮೋಡ ಹಿಂದೆ ಹಿಂದೆ ಓಡುತ್ತಿದ್ದುದರಿಂದ ತಾನು ಮುಂದೆ ಹೋಗುತ್ತಿರುವುದರಲ್ಲಿ ಅವನಿಗೆ ಸಂಶಯವೇ ಉಳಿಯಲಿಲ್ಲ.

"ಎಲ್ಲಿವರೆಗೆ ಬಂತು ಸವಾರಿ?" ಎಂದಿತು ಒಂದು ದನಿ.

ಗುಜರಿ ಯಜಮಾನ. ಅಗಲವಾದ ಮನುಷ್ಯ, ಅಗಲವಾದ ನಗು. ಕನ್ನಡಕಣ್ಣ ಇಳಿದು ಎಲ್ಲವನ್ನೂ ಹೇಳಿಕೊಂಡ. ಹೊದಿಕೆ, ಹೆಂಡತಿಯ ಗಡುವು, ಮಾವನವರ ಕೈಚಳಕ, ಮನೆ ಯಾವ ಬೀದಿಯಲ್ಲಿದೆ, ಇಕ್ಕಳಪ್ಪ ಎಂಥ ಕೆಲಸಗಾರ, ಒಂದನ್ನೂ ಬಿಡಲಿಲ್ಲ. ದೊಡ್ಡ ಕಾರಿನ ಕ್ಯಾಲಿಪರ್ ಇನ್ನೂ ಕಲ್ಲಿನ ಹಾಗಿದೆ ಎಂಬಲ್ಲಿಗೆ ಬಂದಾಗ ಯಜಮಾನನ ಕಿವಿ ನೆಟ್ಟಗಾಯಿತು.

"ಕಲ್ಲಿನ ಹಾಗಿದೆಯಾ," ಎಂದ. "ಒಂದು ಕೆಲಸ ಮಾಡಿ. ಗುಡ್ಡದ ರಸ್ತೆ ತುದೀಲಿ ಹಲ್ಲಿನ ಡಾಕ್ಟ್ರೊಬ್ಬರು ಇದ್ದಾರೆ. ಈಗ ಕೆಲಸ ಬಿಟ್ಟಿದ್ದಾರೆ. ಅವರತ್ರ ಅದೇ ದೊಡ್ಡ ಕಾರು ಇದೆ. ಹೊಸ ಪ್ಯಾಡೂ ಇರ್ಬೇಕು. ನಾನು ಕಳಿಸಿದೆ ಅನ್ನಿ. ನಿಮ್ಮ ಮನೆ ಕಡೆ ನಾನೂ ಒಂದು ಸುತ್ತು ಬಂದು ಏನಾದ್ರೂ ಸಹಾಯ ಆಗುತ್ತಾ ನೋಡ್ತೀನಿ."

ಇಷ್ಟು ಒಳ್ಳೆಯ ಮನುಷ್ಯ ಗುಜರಿಯಲ್ಲಿ ಬಿದ್ದಿದ್ದಾನಲ್ಲ ಎಂದು ಕನ್ನಡಕಣ್ಣನಿಗೆ ಕರುಳು ಚುರ್ರೆಂದಿತು.

ಗುಡ್ಡ ಹತ್ತುವಾಗ ಅವನ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಡಾಕ್ಟರು ಬಾಗಿಲು ತೆಗೆದವರೇ ಅವನ ಮುಖ ನೋಡಲಿಲ್ಲ, ಬಾಯಿ ನೋಡಿದರು. "ಬನ್ನಿ, ಕೂತ್ಕೊಳ್ಳಿ," ಎಂದರು. ಮುಂಗೋಣೆಯಲ್ಲಿ ಕೂರಲು ಇದ್ದದ್ದು ಅವರ ಹಳೆಯ ಚಿಕಿತ್ಸೆಯ ಕುರ್ಚಿಯೊಂದೇ. ಅವನು ಕೂತ. ಅವರು ಕಾಲಿನಿಂದ ಏನನ್ನೋ ಒತ್ತಿದರು, ಕುರ್ಚಿ ಹಿಂದಕ್ಕೆ ಒರಗಿತು.

"ನಾನು ಬಂದಿದ್ದು ಬ್ರೇಕ್ ಪ್ಯಾಡಿಗೆ, ಡಾಕ್ಟ್ರೇ."

"ಗೊತ್ತಾಯ್ತು, ಬಾಯಿ ತೆಗೀರಿ. ಹಿಂದಿನ ದವಡೆ ಹಲ್ಲು ನೋಯುತ್ತಲ್ವಾ?"

ನೋಯುತ್ತಿರಲಿಲ್ಲ. ಅವರು ಬೆರಳಿನಿಂದ ಒತ್ತಿದ ಮೇಲೆ ನೋಯತೊಡಗಿತು. ಬಾಯಿ ತೆರೆದುಕೊಂಡೇ ಅವನು ಕತೆ ಹೇಳಿದ. ಡಾಕ್ಟರಿಗೆ ಅದೆಲ್ಲ ಸ್ಪಷ್ಟವಾಗಿ ಅರ್ಥವಾಯಿತು. ಬಾಯಿ ತೆರೆದವರ ಮಾತನ್ನೇ ಜೀವಮಾನವೆಲ್ಲ ಕೇಳಿದವರು.

"ನಂದೂ ಅದೇ ಕತೆ," ಎಂದರು. "ಪ್ಯಾಡು ತರಿಸಿ ಇಟ್ಕೊಂಡೆ. ಅಷ್ಟರಲ್ಲಿ ಕ್ಯಾಲಿಪರ್ ತುಕ್ಕು ಹಿಡಿದು ಪುಡಿಪುಡಿ ಆಯ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಬೇರೆಯವರಿಗೆ ಹೇಳಿಕೊಂಡು ಬದುಕಿದವನು ನಾನು. ಹುಡುಕಿ ಹುಡುಕಿ ಸಾಕಾಯ್ತು. ನೀವೇ ತಗೊಂಡು ಹೋಗಿ. ನಮ್ಮ ಮನೆಯವಳು ಇದ್ದಾಗ ದಿನಾ ಸಂಜೆ ಕೆರೆ ಹತ್ರ ಹೋಗ್ತಿದ್ವಿ. ನೀವಾದ್ರೂ ಹೋಗಿ ಬನ್ನಿ."

ಅದನ್ನು ಹೇಳುವಾಗ ಅವರು ಕಿಟಕಿಯಾಚೆ ನೋಡುತ್ತಿದ್ದರು. ಅಲ್ಲಿ ಅಂಗಳದಲ್ಲಿ, ಅವನ ಕಾರಿನದೇ ಕೆನೆಬಣ್ಣದ, ಅವನ ಕಾರಿಗಿಂತ ಒಂದಿಷ್ಟು ಉದ್ದದ ಕಾರು ಎಲೆ ಉದುರಿಸುತ್ತಿದ್ದ ಮರದ ಕೆಳಗೆ ನಿಂತಿತ್ತು. ಕನ್ನಡಕಣ್ಣ ಏನಾದರೂ ಹೇಳಬೇಕೆಂದುಕೊಂಡ, ಆದರೆ ಡಾಕ್ಟರು ಪ್ಯಾಡು ಹುಡುಕಲು ಒಳಗೆ ಹೋದರು. ಕುರ್ಚಿ ಮೆತ್ತಗಿತ್ತು. ಬೆಳಗಿನಿಂದ ಬಸ್ಸು, ಬಿಸಿಲು, ಗುಡ್ಡ. ಚಾವಣಿಯ ಮೇಲೆ ಎಲೆಗಳ ನೆರಳು ನೀರಿನ ಹಾಗೆ ಅಲ್ಲಾಡುತ್ತಿತ್ತು. ಅವನು ನೋಡುತ್ತ ನೋಡುತ್ತ ಕೆರೆಯ ದಾರಿ ಹಿಡಿದ. ಈ ಸಲ ಕಾರಿಗೆ ಚಕ್ರವೇ ಇರಲಿಲ್ಲ, ಆದರೂ ಅದು ಹಾಯಾಗಿ ತೇಲುತ್ತಿತ್ತು. ಹೆಂಡತಿ ಕಿಟಕಿಯಿಂದ ಪರದೆಗಳನ್ನು ಒಂದೊಂದಾಗಿ ಗಾಳಿಗೆ ಬಿಡುತ್ತಿದ್ದಳು, ಅವು ಹಕ್ಕಿಗಳಾಗಿ ನೀರಿನ ಮೇಲೆ ಇಳಿಯುತ್ತಿದ್ದವು. "ಎಲ್ಲಿ ನಿಲ್ಲಿಸ್ಲಿ?" ಎಂದ ಅವನು. "ನಿಲ್ಲಿಸ್ಬೇಡಿ," ಎಂದಳು ಅವಳು.

ಎಚ್ಚರವಾದಾಗ ಬಿಸಿಲು ಓರೆಯಾಗಿತ್ತು. ಪ್ಯಾಡುಗಳ ಡಬ್ಬಿ ಎದೆಯ ಮೇಲಿತ್ತು. "ನಿದ್ದೆ ಮಾಡೋರನ್ನ ಆ ಕುರ್ಚೀಲಿ ಮೊದಲನೇ ಸಲ ನೋಡಿದ್ದು," ಎಂದರು ಡಾಕ್ಟರು. "ಎಬ್ಬಿಸೋಕೆ ಮನಸ್ಸಾಗಲಿಲ್ಲ."

ಕನ್ನಡಕಣ್ಣ ಗುಡ್ಡವಿಳಿದು ಓಡಿದ. ಅರ್ಧ ದಾರಿಯಲ್ಲಿ ಗುಜರಿ ಯಜಮಾನನ ವ್ಯಾನು ಎದುರಾಯಿತು. ಯಜಮಾನ ಕಿಟಕಿಯಿಂದ ಕೈಬೀಸಿದ. ಇವನೂ ಡಬ್ಬಿ ಎತ್ತಿ ತೋರಿಸಿ ಕೈಬೀಸಿದ. ವ್ಯಾನಿನ ಹಿಂದೆ ಗೋಣಿಚೀಲದೊಳಗೆ ಏನೋ ಭಾರವಾದದ್ದು ದಡದಡ ಎನ್ನುತ್ತ ಗುಡ್ಡ ಹತ್ತಿಹೋಯಿತು.

ಮನೆ ತಲಪುವಾಗ ಗೇಟಿನ ಬಳಿ ಇಕ್ಕಳಪ್ಪ, ಇಂಜಿನ್ ತಾತ, ಮಹಡಿಯಕ್ಕ ಮೂವರೂ ಫೋಟೋಗೆ ನಿಂತವರ ಹಾಗೆ ಸಾಲಾಗಿ ನಿಂತಿದ್ದರು. ಮೂವರ ಮುಖದಲ್ಲೂ ಪರೋಪಕಾರ ಮಾಡಿ ಮುಗಿಸಿದ ಕಳೆ.

"ಸಿಕ್ತು," ಎಂದ ಕನ್ನಡಕಣ್ಣ ಏದುಸಿರಿನಲ್ಲೇ.

"ಇನ್ನು ಅದು ಬೇಕಿಲ್ಲ," ಎಂದ ಇಕ್ಕಳಪ್ಪ. "ನಿಮ್ಮ ತೊಂದರೆ ಬೇರುಸಹಿತ ಕಿತ್ತು ಹಾಕಿದ್ದೀವಿ."

"ಯೋಚನೆ ನಂದು," ಎಂದರು ಇಂಜಿನ್ ತಾತ. "ಇರೋ ಕ್ಯಾಲಿಪರಿಗೆ ಪ್ಯಾಡು ಹುಡುಕ್ತಾ ಊರೂರು ಅಲೆಯೋ ಬದಲು, ಸಿಗೋ ಪ್ಯಾಡಿಗೆ ಸರಿಯಾಗಿ ಕ್ಯಾಲಿಪರನ್ನೇ ಬದಲಾಯಿಸಿಬಿಟ್ರೆ? ಆ ಪುಣ್ಯಾತ್ಮ ಗುಜರಿಯೋನು ಈ ಕಾರಿನದ್ದೇ ಕ್ಯಾಲಿಪರ್ ವ್ಯಾನಲ್ಲಿ ಹಾಕ್ಕೊಂಡು ಬಂದ. ಹಳೇದನ್ನ ಕೊಟ್ವಿ, ಇದನ್ನ ತಗೊಂಡ್ವಿ. ಸರಿಗೆ ಸರಿ."

"ಕೂರಿಸಿದ್ದೂ ಆಯ್ತು," ಎಂದ ಇಕ್ಕಳಪ್ಪ. "ಏನು ಚೆನ್ನಾಗಿ ಕೂತಿದೆ ಅಂತೀರಿ. ಕಾರು ಹುಟ್ಟಿದಾಗ ಇದ್ದದ್ದೇ ಅದು."

ಕನ್ನಡಕಣ್ಣ ಡಬ್ಬಿ ತೆಗೆದು ಪ್ಯಾಡನ್ನು ಹಿಡಿದು ನೋಡಿದ. ಆನೆಯ ಜೋಡನ್ನು ಕುದುರೆಗೆ ತೊಡಿಸಿದ ಹಾಗಿತ್ತು. "ಹಾಗಾದ್ರೆ... ಇದಕ್ಕೆ ಯಾವ ಪ್ಯಾಡು?"

"ಬೆಳಿಗ್ಗೆ ನೀವು ತಂದಿದ್ರಲ್ಲ, ಅದೇ. ಕೊಡಿ, ಈಗಲೇ ಹಾಕ್ತೀನಿ."

ಅದನ್ನು ಹಿಂದಿರುಗಿಸಿದ್ದು, ಟ್ಯಾಕ್ಸಿಯವನು ಕಣ್ಣೆದುರೇ ಎತ್ತಿಕೊಂಡು ಹೋಗಿದ್ದು ಎಲ್ಲವನ್ನೂ ಕನ್ನಡಕಣ್ಣ ಹೇಳಬೇಕಾಯಿತು. ಮಹಡಿಯಕ್ಕ ಮೆಲ್ಲಗೆ, "ಬಟ್ಟೆ ತುರುಕೋಣ ಅಂದಿದ್ದೆ," ಎಂದಳು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳು ಆಗಲೇ ಒಳ್ಳೆಯ ಸೀರೆ ಉಟ್ಟಿದ್ದಳು. ಅದನ್ನು ನೋಡಿದ ಮೇಲೆ ಅವನಿಗೆ ಇಡೀ ದಿನದ ಆಯಾಸ ಒಮ್ಮೆಲೇ ಕಾಲಿಗಿಳಿಯಿತು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆಗ ಗುಜರಿಯ ವ್ಯಾನು ಬಂದು ಗೇಟಿನೆದುರು ನಿಂತಿತು. ಅದರಿಂದ ಇಳಿದವರು ಹಲ್ಲಿನ ಡಾಕ್ಟರು. ಮಧ್ಯಾಹ್ನ ನೋಡಿದ್ದಕ್ಕಿಂತ ವಯಸ್ಸಿನಲ್ಲಿ ಎಷ್ಟೋ ಚಿಕ್ಕವರಾಗಿ ಕಂಡರು.

"ಹೇಗೆ ಕೇಳೋದೋ ಗೊತ್ತಾಗ್ತಿಲ್ಲ," ಎಂದರು. "ನೀವು ಅತ್ತ ಹೋದ್ರಿ, ಇವರು ಇತ್ತ ಬಂದ್ರು. ಇಷ್ಟು ಕಾಲ ಸಿಗದೇ ಇದ್ದ ಕ್ಯಾಲಿಪರ್, ನೋಡಿ, ಕಲ್ಲಿನ ಹಾಗಿದೆ. ಇವರೇ ಕೂರಿಸಿಯೂ ಕೊಟ್ರು. ಈಗ ಪ್ಯಾಡೊಂದು ಇದ್ದಿದ್ರೆ... ನಿಮ್ಮ ಕಾರಿಗೆ ಆಗಲೇ ಹಾಕಿಬಿಟ್ಟಿದ್ರೆ ಬೇಡ. ಕೊಟ್ಟದ್ದನ್ನ ಕೇಳ್ಬಾರದು."

ಗುಜರಿ ಯಜಮಾನ ಆಕಾಶದಲ್ಲಿ ಏನೋ ಮುಖ್ಯವಾದದ್ದನ್ನು ನೋಡುತ್ತಿದ್ದ. ಕನ್ನಡಕಣ್ಣ ತನ್ನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇವನಿಗೆ ಬಾಯಿಯೇ ಕೈಬಿಟ್ಟು ಹೋಗಿತ್ತು. "ಹಾಕಿಲ್ಲ ಡಾಕ್ಟ್ರೇ," ಎಂದು ಡಬ್ಬಿ ಕೊಟ್ಟ. "ತಗೊಳ್ಳಿ. ಇಕ್ಕಳಪ್ಪನ್ನೂ ಕರ್ಕೊಂಡು ಹೋಗಿ, ಬೇಗ ಆಗುತ್ತೆ."

ಹೊತ್ತು ಕೆಂಪಾಗುವ ಮೊದಲೇ ಕೆನೆಬಣ್ಣದ ಉದ್ದ ಕಾರು ಬೀದಿಗೆ ಇಳಿದು ಬಂತು. ಎಲೆಗಳಿನ್ನೂ ಅದರ ನೆತ್ತಿಗೆ ಅಂಟಿಕೊಂಡಿದ್ದವು. ಕನ್ನಡಕಣ್ಣನ ಗೇಟಿಗೆ ಸರಿಯಾಗಿ, ಒಂದಿಷ್ಟೂ ಸದ್ದಿಲ್ಲದೆ, ಬೆಣ್ಣೆಯ ಮೇಲೆ ಕೂತ ನೊಣದ ಹಾಗೆ ನಿಂತಿತು. ಅಷ್ಟು ಚೆಂದದ ನಿಲುಗಡೆಯನ್ನು ಅವನು ಕನಸಿನಲ್ಲೂ ಕಂಡಿರಲಿಲ್ಲ.

"ಬಾಮ್ಮ," ಎಂದರು ಡಾಕ್ಟರು ಅವನ ಹೆಂಡತಿಗೆ. "ಕೆರೆ ನೋಡ್ಕೊಂಡು ಬರೋಣ."

ಇಕ್ಕಳಪ್ಪ ಮುಂದೆ ಕೂತಿದ್ದ. ಬ್ರೇಕಿನ ಮೇಲೆ ಒಂದು ಕಣ್ಣಿಡಬೇಕಿತ್ತು. ಇಂಜಿನ್ ತಾತ ಹಿಂದೆ ಹತ್ತಿದರು. ನಿಲ್ಲುವ ವಿಷಯದಲ್ಲಿ ಅವರ ಅಭಿಪ್ರಾಯ ಬೇಕಿತ್ತು. ಮಹಡಿಯಕ್ಕ ಯಾವ ಕಾರಣವನ್ನೂ ಕೊಡದೆ ಹತ್ತಿ ಕೂತಳು. ಹೆಂಡತಿ ಕಿಟಕಿಯ ಪಕ್ಕ ಕೂತ ಮೇಲೆ ಬಾಗಿಲು ಮುಚ್ಚುವುದೇ ಕಷ್ಟವಾಯಿತು.

"ನೀವು?" ಎಂದಳು ಅವಳು.

"ನಾನು ಇನ್ನೊಂದ್ಸಲ," ಎಂದ ಕನ್ನಡಕಣ್ಣ. "ದಾರಿ ನನಗೆ ಗೊತ್ತಲ್ಲ."

ಅವರು ಹೋದ ಮೇಲೆ ಶೆಡ್ಡಿಗೆ ಹೋಗಿ ತನ್ನ ಕಾರಿನಲ್ಲಿ ಕೂತ. ಕಣ್ಣು ಮುಚ್ಚಿ ಕೆರೆಯ ದಾರಿ ಹಿಡಿಯಲು ನೋಡಿದ. ಯಾಕೋ ಆ ಸಂಜೆ ಅದು ಬರಲಿಲ್ಲ. ಕಣ್ಣೆದುರು ಶೆಡ್ಡಿನ ಗೋಡೆ, ಗೋಡೆಯ ಮೇಲೆ ಹಲ್ಲಿ, ಎಲ್ಲವೂ ಹೊಸ ಕನ್ನಡಕ ಹಾಕಿಕೊಂಡಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

ಬೀದಿದೀಪ ಹತ್ತುವ ಹೊತ್ತಿಗೆ ಹೆಂಡತಿ ಬಂದು ಪಕ್ಕದ ಸೀಟಿನಲ್ಲಿ ಕೂತಳು. ಕೈಯಲ್ಲಿ ಚಪ್ಪಲಿ ಇತ್ತು, ಸೀರೆಯ ಅಂಚು ಒದ್ದೆಯಾಗಿತ್ತು.

"ಹೇಗಿತ್ತು?" ಎಂದ.

"ನೀವು ಹೇಳ್ತಿದ್ದ ಹಾಗೇ ಇತ್ತು." ಒದ್ದೆ ಅಂಚನ್ನು ಹಿಂಡುತ್ತ, "ನೀವಿದ್ದಿದ್ರೆ ಅಂತ ಅನ್ನಿಸ್ತು," ಎಂದಳು. "ನಾನು ಕೆರೆ ದಂಡೆ ನೋಡಿದ್ರೆ ಕಾರು ಇರ್ಲಿ ಅಂದಿದ್ದೆ. ನೋಡಿದೆ. ಯಾರ ಕಾರಲ್ಲಿ ಅಂತ ಮಾತು ಆಗಿರಲಿಲ್ಲ. ಕಾರು ಎಲ್ಲಿಗೂ ಹೋಗೋದು ಬೇಡ, ಇಲ್ಲೇ ಇರ್ಲಿ."

ಕನ್ನಡಕಣ್ಣನಿಗೆ ಕಣ್ಣು ತುಂಬಿ ಬಂತು. "ಅಂಗಡಿಗೆ ಮುಂದಿನ ವಾರ ಹೊಸ ಪ್ಯಾಡು ಬರುತ್ತಂತೆ," ಎಂದ. "ಬಂದ ದಿನವೇ..."

"ಪ್ಯಾಡು ಯಾತಕ್ಕೆ? ಡಾಕ್ಟ್ರು ವಾರಕ್ಕೊಮ್ಮೆ ಬರ್ತಾರಂತೆ, ಕೆರೆಗೆ ಅವರ ಕಾರಿದೆ." ಅವಳು ಇಳಿದು, ಬಾನೆಟ್ಟಿನಿಂದ ಹಿಂಬದಿಯವರೆಗೆ ಕಾರಿನ ಉದ್ದಕ್ಕೂ ಗೇಣು ಹಾಕುತ್ತ ನಡೆದಳು. "ಇಕ್ಕಳಪ್ಪಂಗೆ ಹೇಳಿದ್ದೀನಿ. ಬೆಳಿಗ್ಗೆ ಬಂದು ಹಿಂದಿನ ಚಕ್ರಾನೂ ತೆಗೆದು ಇಟ್ಟಿಗೆ ಮೇಲೆ ಕೂರಿಸ್ತಾನೆ. ಮೇಲೆ ಉದ್ದ ಹಲಗೆ ಹಾಸಿದ್ರೆ ಆಯ್ತು, ಬಟ್ಟೆ ಕತ್ತರಿಸೋಕೆ ಇಂಥ ಮೇಜು ದುಡ್ಡು ಕೊಟ್ರೂ ಸಿಗಲ್ಲ. ನೀವು ಒಳಗೆ ಕೂತ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗಿ. ಅಲ್ಲಾಡಿಸಬೇಡಿ, ಅಷ್ಟೆ."